ಕಾಫಿ ಕೊಯ್ಲಿಗೆ ಮೊದಲು ಇದೊಂದು ಮುಗಿಸ್ಕೊಳ್ಳಿ
ಅಕ್ಕಂದಿರೇ, ಕೊಯ್ಲು ಶುರುವಾದ್ರೆ ಫೆಬ್ರವರಿವರೆಗೂ ನಮಗೆ ಪುರುಸೊತ್ತಿಲ್ಲ. ಅದಕ್ಕೇ ಈಗಲೇ ಹೇಳ್ತಿದೀನಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ 5 ವರ್ಷಕ್ಕೊಮ್ಮೆ ಸ್ತನ ಕ್ಯಾನ್ಸರ್ ತಪಾಸಣೆ ಉಚಿತ. ಕೈಯಲ್ಲಿ ಮುಟ್ಟಿ ನೋಡ್ತಾರೆ, ಅಷ್ಟೇ. ನಾಚಿಕೆಯಾದ್ರೆ ಆಶಾ ಅಕ್ಕನಿಗೆ ಮೊದಲೇ ಹೇಳಿಡಿ.

ಮನೇಲೂ ನೋಡ್ಕೊಳ್ಳಿ. ಮುಟ್ಟು ಶುರುವಾಗಿ ವಾರ ಕಳೆದ ಮೇಲೆ, ಸ್ನಾನದಲ್ಲಿ ಸೋಪಿನ ಕೈಯಿಂದ, ಮೂರು ಬೆರಳಲ್ಲಿ ಸುತ್ತ ಒತ್ತುತ್ತಾ ಕಂಕುಳದವರೆಗೂ. ಮುಟ್ಟು ನಿಂತವರು ತಿಂಗಳಿಗೊಂದು ತಾರೀಕು ಇಟ್ಕೊಳ್ಳಿ. ನಮ್ಮಮ್ಮ ಸಂಘದ ಕಂತು ಕಟ್ಟೋ ದಿನಾನೇ ಹಿಡ್ಕೊಂಡಿದ್ದಾರೆ!

ಕೈಗೆ ಸಿಕ್ಕಿದ ಗಂಟುಗಳೆಲ್ಲಾ ಕ್ಯಾನ್ಸರ್ ಅಲ್ಲ. ಆದ್ರೆ ನೋವಿಲ್ಲ ಅಂತ ಸುಮ್ಮನಿರಬೇಡಿ, ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯೋದೇ ಇಲ್ಲ. ಚರ್ಮ ನಮ್ಮ ಕಿತ್ತಳೆ ಸಿಪ್ಪೆ ಥರ ಗುಳಿಗುಳಿಯಾದ್ರೆ, ತೊಟ್ಟು ಹೊಸದಾಗಿ ಒಳಕ್ಕೆ ಎಳ್ಕೊಂಡ್ರೆ, ತೊಟ್ಟಿಂದ ರಕ್ತ ಬಂದ್ರೆ, ಆ ವಾರವೇ ಡಾಕ್ಟರಿಗೆ ತೋರಿಸಿ.