ದತ್ತು ಪಡೆದ ಪ್ರಾಣಿಯನ್ನು ಮರಳಿ ಒಪ್ಪಿಸಬೇಕಾಗಿ ಬಂದಾಗ

ಪ್ರಾಣಿಗಳ ಆಶ್ರಯಧಾಮಕ್ಕೆ ಫೋನ್ ಮಾಡಿ ‘ನಾಯಿಯನ್ನು ವಾಪಸ್ ತೆಗೆದುಕೊಳ್ಳುತ್ತೀರಾ?’ ಎಂದು ಕೇಳುವವರಲ್ಲಿ ಹೆಚ್ಚಿನವರು ಆ ಪ್ರಶ್ನೆಗೆ ಬರುವ ಮೊದಲು ಐದು ನಿಮಿಷ ಕ್ಷಮೆ ಕೇಳುತ್ತಾರೆ. ಕೆಲಸ ಹೋಗಿದೆ, ಗಂಡ ಹೆಂಡತಿ ಬೇರೆಯಾಗಿದ್ದಾರೆ, ಹೊಸ ಮನೆಯ ಮಾಲೀಕರು ಪ್ರಾಣಿ ಬೇಡವೆಂದಿದ್ದಾರೆ, ತಾಯಿ ಹಾಸಿಗೆ ಹಿಡಿದಿದ್ದಾರೆ. ಕಾರಣ ಯಾವುದೇ ಇರಲಿ, ದನಿ ಮಾತ್ರ ತಪ್ಪು ಮಾಡಿ ಸಿಕ್ಕಿಬಿದ್ದವರದ್ದು. ಆಶ್ರಯಧಾಮವೊಂದರಲ್ಲಿ ಹಲವು ವರ್ಷ ಸ್ವಯಂಸೇವಕಿಯಾಗಿ ಆ ಫೋನ್ ಎತ್ತಿದವಳು ನಾನು. ಅವರಿಗೆ ಮೊದಲು ಹೇಳುತ್ತಿದ್ದ ಮಾತನ್ನೇ ಇಲ್ಲಿಯೂ ಹೇಳುತ್ತೇನೆ: ನೀವು ಫೋನ್ ಮಾಡಿದ್ದು ಒಳ್ಳೆಯದಾಯಿತು. ನಾಚಿಕೆಗೆ ಅಂಜಿ ಸುಮ್ಮನಾದವರ ಪ್ರಾಣಿಗಳು ನಮಗೆ ಸಿಗುತ್ತಿದ್ದುದು ಬೀದಿಯಲ್ಲಿ, ಇಲ್ಲವೇ ಬೆಳಗಿನ ಜಾವ ಗೇಟಿನ ಕಂಬಕ್ಕೆ ಕಟ್ಟಿದ ಸ್ಥಿತಿಯಲ್ಲಿ.

ಮರಳಿ ಒಪ್ಪಿಸುವುದಕ್ಕೂ ಒಂದು ಕ್ರಮವಿದೆ. ಅದನ್ನು ಪಾಲಿಸಿದರೆ ಪ್ರಾಣಿಗೆ ಮುಂದಿನ ಮನೆ ಬೇಗ ಸಿಗುತ್ತದೆ. ಸಿಕ್ಕ ಮನೆ ಉಳಿಯುತ್ತದೆ.

ಕಾರಣವನ್ನು ಬಿಡಿಸಿ ನೋಡಿ

ಮೊದಲು ಕಾರಣವನ್ನು ಹಾಳೆಯ ಮೇಲೆ ಒಂದೇ ವಾಕ್ಯದಲ್ಲಿ ಬರೆಯಿರಿ. ಬದುಕು ಬದಲಾಗಿದೆಯೇ, ಅಥವಾ ಪ್ರಾಣಿಯೊಂದಿಗೆ ಹೊಂದಾಣಿಕೆ ಆಗುತ್ತಿಲ್ಲವೇ ಎಂಬುದು ಬರೆದಾಗಲೇ ಸ್ಪಷ್ಟವಾಗುತ್ತದೆ. ಎರಡನೆಯದಕ್ಕೆ ಬಹಳಷ್ಟು ಸಲ ಮದ್ದಿದೆ.

ಮನೆಗೆ ತಂದು ಕೆಲವೇ ವಾರಗಳಾಗಿದ್ದರೆ ಆಶ್ರಯಧಾಮಗಳವರು ಹೇಳುವ ‘ಮೂರು ಮೂರು ಮೂರು’ ಲೆಕ್ಕವನ್ನು ನೆನೆಯಿರಿ. ಬೆದರಿಕೆ ಇಳಿಯಲು ಸುಮಾರು 3 ದಿನ, ಮನೆಯ ರೂಢಿ ಹತ್ತಲು 3 ವಾರ, ಇದು ತನ್ನದೇ ಮನೆ ಎಂಬ ಧೈರ್ಯ ಬರಲು 3 ತಿಂಗಳು. ಇದು ಅಂದಾಜು ಮಾತ್ರ. ಕೆಲವು ಪ್ರಾಣಿಗಳಿಗೆ ಇನ್ನೂ ಹೆಚ್ಚು ಕಾಲ ಬೇಕು. ಎರಡನೆಯ ವಾರದಲ್ಲೂ ಮಂಚದಡಿಯಿಂದ ಹೊರಗೆ ಬಾರದ ಬೆಕ್ಕಿಗೆ ನಿಮ್ಮ ಮೇಲೆ ಮುನಿಸೇನೂ ಇಲ್ಲ. ಅದಕ್ಕೆ ದಿನಗಳು ಸಾಲದಾಗಿವೆ, ಅಷ್ಟೇ.

ಬೆಕ್ಕು ತನ್ನ ಮರಳಿನ ಪೆಟ್ಟಿಗೆ ಬಿಟ್ಟು ಎಲ್ಲೆಂದರಲ್ಲಿ ಮೂತ್ರ ಮಾಡುತ್ತಿದ್ದರೆ ಮೊದಲು ಪಶುವೈದ್ಯರಲ್ಲಿಗೆ ಹೋಗಿ. ಹಠವೆಂದು ತಿಳಿದದ್ದು ಎಷ್ಟೋ ಸಲ ಮೂತ್ರಕೋಶದ ನೋವಾಗಿರುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿ, ಹನಿ ಮೂತ್ರವೂ ಬಾರದಿದ್ದರೆ ಅದೇ ಗಳಿಗೆಯಲ್ಲಿ ಹೊರಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಜೀವ ಹೋಗಬಹುದು.

ಮನೆಯಲ್ಲಿ ಗರ್ಭಿಣಿ ಇದ್ದಾರೆಂದು ಬೆಕ್ಕನ್ನು ಬಿಡಲು ಬರುವವರು ಬಹಳ. ಅವರ ಭಯ ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯದ್ದು. ಭಯಕ್ಕೆ ಕಾರಣವಿದೆ, ಪರಿಹಾರವೂ ಇದೆ. ಬೆಕ್ಕಿನ ಮಲದಲ್ಲಿ ಹೊರಬೀಳುವ ಅದರ ಸೂಕ್ಷ್ಮ ಕಣಗಳು ಸೋಂಕು ತಗುಲಿಸುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ಮನೆಯ ಬೇರೊಬ್ಬರು ದಿನವೂ ತಪ್ಪದೆ ಪೆಟ್ಟಿಗೆಯನ್ನು ಶುಚಿ ಮಾಡಿದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಸರಿಯಾಗಿ ಬೇಯದ ಮಾಂಸ ಮತ್ತು ತೊಳೆಯದ ತರಕಾರಿಯಿಂದಲೂ ಈ ಸೋಂಕು ಬರುತ್ತದೆ; ಬೆಕ್ಕನ್ನು ಹೊರಗೆ ಕಳಿಸಿದ ಮಾತ್ರಕ್ಕೆ ಆ ದಾರಿ ಮುಚ್ಚುವುದಿಲ್ಲ. ವೈದ್ಯರೊಂದಿಗೆ ಮಾತನಾಡಿ, ಆಮೇಲೆ ತೀರ್ಮಾನಿಸಿ.

ಅಲರ್ಜಿಯ ವಿಷಯದಲ್ಲೂ ಅವಸರ ಬೇಡ. ಬೆಕ್ಕಿನ ಅಲರ್ಜಿಗೆ ಮುಖ್ಯ ಕಾರಣ ಅದರ ಎಂಜಲಿನಲ್ಲೂ ಚರ್ಮದ ಗ್ರಂಥಿಗಳಲ್ಲೂ ಇರುವ ಒಂದು ಪ್ರೋಟೀನ್. ಮಲಗುವ ಕೋಣೆಗೆ ಪ್ರಾಣಿಯನ್ನು ಬಿಡದಿರುವುದು, ಗಾಳಿ ಶುದ್ಧೀಕರಿಸುವ ಯಂತ್ರ, ವೈದ್ಯರು ಕೊಡುವ ಔಷಧ ಇವುಗಳಿಂದಲೇ ಹಲವರು ಸುಧಾರಿಸಿಕೊಂಡಿದ್ದಾರೆ. ಬೆಕ್ಕು ಹೋದ ಮೇಲೂ ಆ ಪ್ರೋಟೀನ್ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದೂ ತಿಳಿದಿರಲಿ. ಆದರೆ ಮಗುವಿಗೆ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಓಡಾಡುವಂತಾಗಿದ್ದರೆ ಆ ಮಾತು ಬೇರೆ.

ನಿಮ್ಮ ಬದುಕೇ ನಿಜವಾಗಿ ಬದಲಾಗಿದ್ದರೆ ಇದನ್ನೆಲ್ಲ ಮಾಡಿ ತೋರಿಸಿ ಯಾರಿಗೂ ಸಾಕ್ಷಿ ಒದಗಿಸಬೇಕಾಗಿಲ್ಲ. ಹಗಲಿಡೀ ಸರಪಳಿಯಲ್ಲಿ ಒಂಟಿಯಾಗಿ ಬಿದ್ದಿರುವ ನಾಯಿಗೆ, ‘ನಾವು ಕೈಬಿಡಲಿಲ್ಲ’ ಎಂಬ ನಿಮ್ಮ ಸಮಾಧಾನದಿಂದ ಯಾವ ಪ್ರಯೋಜನವೂ ಇಲ್ಲ.

ಒಪ್ಪಂದ ಪತ್ರ ಹುಡುಕಿ, ಬೇಗ ಫೋನ್ ಮಾಡಿ

ದತ್ತು ಪಡೆದ ದಿನ ಸಹಿ ಹಾಕಿದ ಕಾಗದವನ್ನು ಹುಡುಕಿ ಓದಿ. ಸಾಕಲಾಗದಿದ್ದರೆ ಪ್ರಾಣಿಯನ್ನು ನಮಗೇ ಹಿಂದಿರುಗಿಸಬೇಕು, ಬೇರೆಯವರಿಗೆ ಕೊಡಬಾರದು ಎಂಬ ಷರತ್ತು ಬಹಳಷ್ಟು ಆಶ್ರಯಧಾಮಗಳ ಒಪ್ಪಂದದಲ್ಲಿ ಇರುತ್ತದೆ. ಇದನ್ನು ಬೆದರಿಕೆಯೆಂದು ಓದಬೇಡಿ. ವರ್ಷಗಳು ಕಳೆದ ಮೇಲೂ ಆ ಪ್ರಾಣಿಗೆ ಬಾಗಿಲು ತೆರೆದೇ ಇರುತ್ತದೆ ಎಂಬ ಮಾತು ಅದು.

ಫೋನ್ ಮಾಡುವುದನ್ನು ಕೊನೆಯ ದಿನದವರೆಗೆ ತಳ್ಳಬೇಡಿ. ಮನೆ ಖಾಲಿ ಮಾಡಲು ಎರಡು ತಿಂಗಳಿರುವಾಗ ತಿಳಿಸಿದರೆ, ಪ್ರಾಣಿ ನಿಮ್ಮ ಮನೆಯಲ್ಲೇ ಇರುವಾಗ ಅದಕ್ಕೆ ಹೊಸ ಕುಟುಂಬ ಹುಡುಕಬಹುದು. ಪಂಜರದ ಮುಖವನ್ನೇ ನೋಡದೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದಕ್ಕಿಂತ ಒಳ್ಳೆಯ ವಿದಾಯ ಇಲ್ಲ. ಲಾರಿ ಬಂದು ಬಾಗಿಲಲ್ಲಿ ನಿಂತಾಗ ಫೋನ್ ಮಾಡಿದರೆ ಉಳಿಯುವುದು ಪಂಜರ ಮಾತ್ರ, ಅದೂ ಖಾಲಿ ಇದ್ದರೆ.

ಫೋನಿನಲ್ಲಿ ಸುತ್ತಿ ಬಳಸದೆ ಕೇಳಿ. ಕೆಲವು ವಾರಗಳ ಮಟ್ಟಿಗೆ ನೋಡಿಕೊಳ್ಳುವ ಪೋಷಕ ಕುಟುಂಬ ಇದೆಯೇ? ಚಿಕಿತ್ಸೆಯ ಖರ್ಚೇ ಕಷ್ಟವಾಗಿದ್ದರೆ ನೆರವು ಸಿಗುತ್ತದೆಯೇ? ಶಸ್ತ್ರಚಿಕಿತ್ಸೆಗೆಂದು ಒಂದು ತಿಂಗಳು ಆಸ್ಪತ್ರೆ ಸೇರಬೇಕಾದ ಮಹಿಳೆಯೊಬ್ಬರು ನಾಯಿಯನ್ನು ಶಾಶ್ವತವಾಗಿ ಬಿಡಲು ಬಂದಿದ್ದರು. ಅವರಿಗೆ ಬೇಕಿದ್ದದ್ದು ಒಂದು ತಿಂಗಳ ಆಸರೆ ಎಂದು ತಿಳಿಯಲು ನಮಗೆ ಒಂದು ಪ್ರಶ್ನೆ ಸಾಕಾಯಿತು. ಕೇಳಲು ಗಂಟಲು ಕಟ್ಟುವ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು: ಹೊಸ ಮನೆ ಸಿಗದಿದ್ದರೆ ಏನಾಗುತ್ತದೆ, ದಯಾಮರಣದ ಬಗ್ಗೆ ನಿಮ್ಮ ನಿಯಮವೇನು? ಒಪ್ಪಿಸುವ ಪತ್ರಕ್ಕೆ ಸಹಿ ಹಾಕಿದ ಮೇಲೆ ತೀರ್ಮಾನ ನಿಮ್ಮ ಕೈಯಲ್ಲಿ ಇರುವುದಿಲ್ಲ.

ನೀವೇ ಹೊಸ ಮನೆ ಹುಡುಕುವುದಾದರೆ ಆಶ್ರಯಧಾಮದ ಒಪ್ಪಿಗೆ ಪಡೆದೇ ಹುಡುಕಿ. ‘ಉಚಿತವಾಗಿ ಕೊಡಲಾಗುವುದು’ ಎಂಬ ಜಾಹೀರಾತು ಮಾತ್ರ ಬೇಡ. ಪುಕ್ಕಟೆ ಪ್ರಾಣಿಗಳನ್ನು ಒಯ್ದು ಮಾರುವವರು, ಮರಿ ಹಾಕಿಸಲು ಬಳಸುವವರು, ಕಾದಾಟಕ್ಕೆ ಬಿಡುವವರು ಕಾಯುವುದು ಇಂತಹ ಜಾಹೀರಾತುಗಳಿಗೇ.

ಬರೆದು ಕೊಡಿ

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇದು, ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದೂ ಇದನ್ನೇ.

ಒಮ್ಮೆ ಕಂದು ಬಣ್ಣದ ಹೆಣ್ಣುನಾಯಿಯೊಂದು ನಾಲ್ಕು ವರ್ಷದ ನಂತರ ಮರಳಿ ಬಂತು. ನಮ್ಮ ದಾಖಲೆಯಲ್ಲಿ ಅದಕ್ಕೆ ನಾವೇ ಇಟ್ಟ ಹೆಸರಿತ್ತು. ಆರು ದಿನ ಆ ಹೆಸರಿನಿಂದಲೇ ಕರೆದೆವು. ಅದು ಗೋಡೆಗೆ ಮುಖ ಮಾಡಿ ಮಲಗಿರುತ್ತಿತ್ತು, ಕಿವಿಯನ್ನೂ ಅಲುಗಿಸುತ್ತಿರಲಿಲ್ಲ. ಕಿವುಡಿರಬಹುದೆಂದು ಒಬ್ಬರು, ಖಿನ್ನತೆಯೆಂದು ಇನ್ನೊಬ್ಬರು. ಏಳನೆಯ ದಿನ ಆ ಮನೆಯ ಹುಡುಗಿ ಬರೆದ ಎರಡು ಪುಟದ ಪತ್ರ ಬಂತು. ‘ಮನೆಯಲ್ಲಿ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದೆವು. ಬಟ್ಟಲನ್ನು ಗೋಡೆಯ ಹತ್ತಿರ ಇಟ್ಟರೆ ತಿನ್ನುವುದಿಲ್ಲ, ಬಾಗಿಲು ಕಾಣುವಂತೆ ಇಡಬೇಕು.’ ಬಟ್ಟಲನ್ನು ಒಂದು ಮಾರು ಈಚೆಗೆ ಎಳೆದು ‘ಪುಟ್ಟಿ’ ಎಂದೆ. ಮೊದಲು ಒಂದು ಕಿವಿ ತಿರುಗಿತು, ಆಮೇಲೆ ತಲೆ. ಬಟ್ಟಲು ಖಾಲಿಯಾಗುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಆ ಪತ್ರ ನಾಯಿಯ ಜೊತೆಯಲ್ಲೇ ಬಂದಿದ್ದರೆ ಆ ಆರು ದಿನಗಳ ಸಂಕಟ ತಪ್ಪುತ್ತಿತ್ತು.

ಆಶ್ರಯಧಾಮಕ್ಕೆ ಬಂದ ಮೊದಲ ದಿನಗಳಲ್ಲಿ ನಾಯಿಗಳ ದೇಹದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಹೆಚ್ಚಾಗಿರುತ್ತದೆ. ಆಗ ನಮಗೆ ಕಾಣುವುದು ಹೆದರಿದ ನಾಯಿ. ನಿಮ್ಮ ಮನೆಯಲ್ಲಿ ಬಾಳಿದ ನಾಯಿ ಹೇಗಿತ್ತೆಂದು ಬಲ್ಲವರು ನೀವು ಮಾತ್ರ. ಹೀಗಾಗಿ ಸಣ್ಣದೆಂದು ಏನನ್ನೂ ಬಿಡಬೇಡಿ. ಯಾವ ಹೆಸರಿಗೆ ಓಗೊಡುತ್ತದೆ, ಯಾವ ಭಾಷೆಯಲ್ಲಿ ‘ಕುಳಿತುಕೋ’ ಎಂದರೆ ಕೂರುತ್ತದೆ? ಎಷ್ಟು ಹೊತ್ತು ಒಂಟಿಯಾಗಿ ಇರಬಲ್ಲದು? ಮಕ್ಕಳು, ಇತರ ಪ್ರಾಣಿಗಳು, ಗುಡುಗು, ವಾಹನ, ಹೊಸಬರು ಎಂದರೆ ಹೇಗೆ? ಮೈಯಲ್ಲಿ ಎಲ್ಲಿ ಮುಟ್ಟಿದರೆ ಹಿತ, ಎಲ್ಲಿ ಮುಟ್ಟಿದರೆ ಸಿಡುಕು?

ಏನು ತಿನ್ನುತ್ತದೆ, ಎಷ್ಟು ಹೊತ್ತಿಗೆ ಎಂಬುದನ್ನು ವಿವರವಾಗಿ ಬರೆಯಿರಿ. ಬೆಕ್ಕು ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ, ಅದರಲ್ಲೂ ದಪ್ಪಗಿದ್ದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು. ಮೊಲಕ್ಕಂತೂ ಅರ್ಧ ದಿನದ ಉಪವಾಸವೂ ಅಪಾಯ. ಬೆಕ್ಕಿಗೆ ಹಿಂದೆ ನೆಗಡಿಯಂತಹ ಸೋಂಕು ಬಂದಿದ್ದರೆ ತಿಳಿಸಿ. ಅದರ ಹಿಂದೆ ಹರ್ಪಿಸ್ ವೈರಸ್ ಇದ್ದರೆ ಅದು ಮೈಯಲ್ಲೇ ಅಡಗಿದ್ದು, ಇಂತಹ ಒತ್ತಡದ ಹೊತ್ತಿನಲ್ಲಿ ಮತ್ತೆ ತಲೆ ಎತ್ತುತ್ತದೆ.

ಕಚ್ಚಿದ್ದರೆ ಕಚ್ಚಿದೆ ಎಂದೇ ಬರೆಯಿರಿ. ಇಲ್ಲಿ ಪ್ರೀತಿಯೇ ಜನರಿಂದ ಸುಳ್ಳು ಹೇಳಿಸುತ್ತದೆ: ನಿಜ ಹೇಳಿದರೆ ನಾಯಿಗೆ ಯಾರೂ ಸಿಗುವುದಿಲ್ಲ ಎಂಬ ಅಂಜಿಕೆ. ಮುಚ್ಚಿಟ್ಟರೆ ಆ ನಾಯಿ ಚಿಕ್ಕ ಮಕ್ಕಳ ಮನೆಗೆ ಹೋಗುತ್ತದೆ, ಇನ್ನೊಮ್ಮೆ ಕಚ್ಚುತ್ತದೆ, ಆಮೇಲೆ ಅದನ್ನು ಉಳಿಸುವುದು ಯಾರಿಂದಲೂ ಸಾಧ್ಯವಾಗದೇ ಹೋಗಬಹುದು. ಯಾರನ್ನು, ಯಾವಾಗ, ಏನಾಗುತ್ತಿದ್ದಾಗ, ಗಾಯ ಎಷ್ಟು ಆಳ ಎಂದು ಬಿಡಿಸಿ ಬರೆಯಿರಿ. ‘ತಿನ್ನುವಾಗ ಬಟ್ಟಲಿಗೆ ಕೈ ಹಾಕಿದ ಹುಡುಗನ ಬೆರಳಿಗೆ ಹಲ್ಲು ತಾಗಿಸಿತು, ರಕ್ತ ಬರಲಿಲ್ಲ’ ಎಂಬುದಕ್ಕೂ ‘ಕಚ್ಚುವ ನಾಯಿ’ ಎಂಬುದಕ್ಕೂ ಅಜಗಜಾಂತರ. ಮೊದಲನೆಯದರ ಮೇಲೆ ತರಬೇತುದಾರರು ಕೆಲಸ ಮಾಡಬಲ್ಲರು.

ಲಸಿಕೆಯ ಪುಸ್ತಕ, ಸಂತಾನಹರಣ ಚಿಕಿತ್ಸೆಯ ಕಾಗದ, ನಡೆಯುತ್ತಿರುವ ಔಷಧ, ಪಶುವೈದ್ಯರ ದೂರವಾಣಿ ಸಂಖ್ಯೆ, ಗುರುತಿಗೆಂದು ಚರ್ಮದಡಿ ಸೇರಿಸುವ ಪುಟ್ಟ ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆ ಒಂದೇ ಲಕೋಟೆಯಲ್ಲಿರಲಿ. ಮನೆಯೊಳಗೆ ನಿರಾಳವಾಗಿ ಮಲಗಿರುವ ನಾಲ್ಕಾರು ಫೋಟೊಗಳನ್ನೂ ಕೊಡಿ. ಜೊತೆಯಾಗಿ ಬೆಳೆದ ಎರಡು ಪ್ರಾಣಿಗಳಿದ್ದರೆ ಅಗಲಿಸಬಾರದೆಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಒಪ್ಪಿಸುವ ದಿನ

ಅವರು ಕೊಟ್ಟ ಸಮಯಕ್ಕೇ ಹೋಗಿ. ನಾಯಿಗೆ ಕೊರಳಪಟ್ಟಿಯ ಜೊತೆ ಎದೆಪಟ್ಟಿಯನ್ನೂ ಹಾಕಿ. ಆಶ್ರಯಧಾಮದ ಬಾಗಿಲಲ್ಲಿ ಬೊಗಳಾಟ ಕೇಳಿ ಬೆದರಿ ಕುತ್ತಿಗೆ ನುಣುಚಿಕೊಂಡು ಓಡಿದ ನಾಯಿಗಳನ್ನು ನಾನೇ ಬೆನ್ನಟ್ಟಿದ್ದೇನೆ. ಬೆಕ್ಕಿನ ಬುಟ್ಟಿಯನ್ನು ವಾರದ ಮೊದಲೇ ಬಾಗಿಲು ತೆರೆದು ಮನೆಯಲ್ಲಿಡಿ, ಹೊರಡುವಾಗ ಬಟ್ಟೆ ಮುಚ್ಚಿ ಒಯ್ಯಿರಿ. ಹೊರಡುವ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ. ಒಂದು ವಾರಕ್ಕಾಗುವಷ್ಟು ಅದೇ ಆಹಾರವನ್ನು ಜೊತೆಗೆ ಕೊಟ್ಟರೆ ಹೊಸದಕ್ಕೆ ನಿಧಾನವಾಗಿ ಹೊಂದಿಸಬಹುದು.

ಅದು ಮಲಗುತ್ತಿದ್ದ ಹೊದಿಕೆಯನ್ನು ದಯವಿಟ್ಟು ಒಗೆಯಬೇಡಿ. ಮರ್ಯಾದೆಗೆಂದು ಒಗೆದು, ಮಡಚಿ, ಸುವಾಸನೆ ಹಚ್ಚಿ ತರುವವರಿದ್ದಾರೆ. ಪ್ರಾಣಿಗೆ ಬೇಕಿರುವುದು ಸೋಪಿನ ವಾಸನೆಯಡಿಯಲ್ಲಿ ಅಳಿಸಿಹೋದ ನಿಮ್ಮ ಮನೆಯ ವಾಸನೆ.

ವಿದಾಯವನ್ನು ಮನೆಯಲ್ಲೇ ಹೇಳಿ, ಅಳುವುದನ್ನು ಅಲ್ಲೇ ಅತ್ತುಬಿಡಿ. ಆಶ್ರಯಧಾಮದ ಬಾಗಿಲಲ್ಲಿ ಅಪ್ಪಿಕೊಂಡು ಅರ್ಧ ಗಂಟೆ ನಿಂತರೆ ನಿಮ್ಮ ಕಳವಳ ಅದಕ್ಕೂ ಹತ್ತುತ್ತದೆ. ಹಗ್ಗವನ್ನು ಸಿಬ್ಬಂದಿಯ ಕೈಗೆ ಕೊಟ್ಟು, ಯಾವಾಗಲೂ ಹೇಳುವ ಮಾತನ್ನು ಯಾವಾಗಲೂ ಹೇಳುವ ದನಿಯಲ್ಲೇ ಹೇಳಿ ಹೊರಡಿ.

ಮಕ್ಕಳಿಗೆ ‘ಓಡಿಹೋಯಿತು’ ಎಂದು ಹೇಳಬೇಡಿ. ಹಾಗೆಂದರೆ ಮಗು ತಿಂಗಳುಗಟ್ಟಲೆ ರಸ್ತೆಯಲ್ಲಿ ಹುಡುಕುತ್ತದೆ, ಇಲ್ಲವೇ ಗೇಟು ಹಾಕದೆ ಬಿಟ್ಟವರು ತಾವೇ ಎಂದುಕೊಳ್ಳುತ್ತದೆ. ಎಲ್ಲಿಗೆ, ಏಕೆ ಹೋಗುತ್ತಿದೆ ಎಂದು ನಿಜ ಹೇಳಿ, ಪತ್ರದಲ್ಲಿ ಒಂದು ಪುಟವನ್ನು ಅವರಿಗೂ ಬಿಡಿ.

ಬಂದ ಮೇಲೆ

ಮೈಕ್ರೋಚಿಪ್‌ನಲ್ಲಿ ನಿಮ್ಮ ಹೆಸರು ವಿಳಾಸ ಇರುವುದಿಲ್ಲ, ಇರುವುದು ಸಾಮಾನ್ಯವಾಗಿ 15 ಅಂಕಿಗಳ ಒಂದು ಸಂಖ್ಯೆ ಮಾತ್ರ. ವಿವರಗಳಿರುವುದು ನೋಂದಣಿ ಸಂಸ್ಥೆಯ ದಾಖಲೆಯಲ್ಲಿ. ಅಲ್ಲಿ ಹೆಸರು ಬದಲಾಗದಿದ್ದರೆ, ಮುಂದೆಂದೋ ಪ್ರಾಣಿ ತಪ್ಪಿಸಿಕೊಂಡಾಗ ಕರೆ ಬರುವುದು ನಿಮಗೆ, ಹುಡುಕುತ್ತಿರುವ ಹೊಸ ಕುಟುಂಬಕ್ಕಲ್ಲ. ವರ್ಗಾವಣೆಯನ್ನು ಆಶ್ರಯಧಾಮ ಮಾಡುತ್ತದೆಯೇ, ನೀವು ಮಾಡಬೇಕೇ ಎಂದು ಅಂದೇ ಕೇಳಿ ಮುಗಿಸಿ.

ಮನೆಯಲ್ಲಿ ಇನ್ನೊಂದು ಪ್ರಾಣಿ ಉಳಿದಿದ್ದರೆ ಕೆಲವು ದಿನ ಅದು ಜೊತೆಗಾರನನ್ನು ಮೂಲೆ ಮೂಲೆಯಲ್ಲಿ ಹುಡುಕಬಹುದು, ಸರಿಯಾಗಿ ತಿನ್ನದಿರಬಹುದು. ಅದರ ಊಟ ಮತ್ತು ನಡಿಗೆಯ ವೇಳೆಯನ್ನು ಬದಲಿಸಬೇಡಿ.

ಆಶ್ರಯಧಾಮದ ಸಂಖ್ಯೆಯನ್ನು ಮೊಬೈಲ್‌ನಿಂದ ಅಳಿಸಬೇಡಿ. ಮೊದಲ ಎರಡು ವಾರಗಳಲ್ಲಿ ಅಲ್ಲಿಂದ ಕರೆ ಬರಬಹುದು: ಮಾತ್ರೆಯನ್ನು ಯಾವುದರಲ್ಲಿ ಅಡಗಿಸಿ ಕೊಡುತ್ತಿದ್ದಿರಿ, ರಾತ್ರಿ ದೀಪ ಹಾಕಿಡುತ್ತಿದ್ದಿರಾ, ಬಲಗಾಲು ಮೊದಲಿನಿಂದಲೂ ಕುಂಟುತ್ತಿತ್ತೇ ಎಂದು. ಆ ಕರೆಯನ್ನು ಸ್ವೀಕರಿಸಿ ಉತ್ತರ ಕೊಡಿ.