ಕೂದಲು ಕಸಿ: ಅಡ್ವಾನ್ಸ್ ಕಟ್ಟುವ ಮೊದಲು

ಮೊದಲು ಉದುರುವುದನ್ನು ತಡೆಯಿರಿ, ಕಸಿ ಮಾತು ಆಮೇಲೆ. ನಮ್ಮ ಮನೆಯಲ್ಲಿ ಅಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರದ್ದೂ ಬೋಳು ತಲೆ. ಹೀಗೆ ವಂಶದಿಂದ ಬರುವ ಬೋಳಿಗೆ ಬೋರ್‌ವೆಲ್ ನೀರಾಗಲಿ ಹೆಲ್ಮೆಟ್ಟಾಗಲಿ ಕಾರಣ ಅಲ್ಲ. ಡಿಎಚ್‌ಟಿ ಅನ್ನುವ ಹಾರ್ಮೋನಿಗೆ ನೆತ್ತಿಯ ಕೂದಲ ಬೇರು ಸೊರಗುತ್ತದೆ.

ಚರ್ಮದ ಡಾಕ್ಟರು ನಮ್ಮ ಚಿಕ್ಕಮಗಳೂರಲ್ಲೇ ಸಿಗುತ್ತಾರೆ. ಸಾಮಾನ್ಯವಾಗಿ ಹಚ್ಚಲು 5% ಮಿನಾಕ್ಸಿಡಿಲ್, ನುಂಗಲು 1 ಮಿ.ಗ್ರಾಂ ಫಿನಾಸ್ಟರೈಡ್ ಬರೆಯುತ್ತಾರೆ. ಮಾತ್ರೆಯಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದುಂಟು, ಸಂಕೋಚ ಬಿಟ್ಟು ಕೇಳಿ. ಬಸುರಿಯರು ಪುಡಿಯಾದ ಮಾತ್ರೆ ಮುಟ್ಟಬಾರದು. ಲೋಷನ್ ಹಚ್ಚಿದ ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ ಉದುರಬಹುದು. ಹೆದರಿ ಬಿಡಬೇಡಿ, ಆರು ತಿಂಗಳಾದರೂ ನೋಡಿ.

ಹಿಂದಲೆಯ ಕೂದಲಿಗೆ ಡಿಎಚ್‌ಟಿ ಅಷ್ಟಾಗಿ ತಟ್ಟುವುದಿಲ್ಲ. ಅಲ್ಲಿಂದ ಬೇರು ಸಮೇತ ತೆಗೆದು ಮುಂದೆ ಕೂರಿಸುತ್ತಾರೆ. ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಇರುವ ಸಸಿಮಡಿ ಅದೊಂದೇ. 22ನೇ ವಯಸ್ಸಿಗೇ ಹಣೆ ತುಂಬಲು ಖರ್ಚು ಮಾಡಿಬಿಟ್ಟರೆ, 40ಕ್ಕೆ ನೆತ್ತಿ ಬೋಳಾದಾಗ ಎಲ್ಲಿಂದ ತರುತ್ತೀರಿ?

ಬೆಂಗಳೂರಿನ ಕ್ಲಿನಿಕ್ಕಿಗೆ ಹೋದರೆ ರೇಟು ಆಮೇಲೆ ಕೇಳಿ. ಮೊದಲು, ‘ನನ್ನ ತಲೆ ಮೇಲೆ ಕೈಯಿಡುವವರು ಯಾರು?’ ಅಂತ ಕೇಳಿ. ಯೂಟ್ಯೂಬ್ ನೋಡಿ, ವರ್ಕ್‌ಶಾಪಿನಲ್ಲಿ ಕೂತು ಬಂದರೆ ಕಸಿ ಮಾಡುವ ತರಬೇತಿ ಆಗುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಡಾಕ್ಟರು ಸಲಹೆಗೆ ಮಾತ್ರ ಸಿಕ್ಕಿ, ಆಪರೇಷನ್ ದಿನ ಬೇರೆಯವರೇ ಬರುತ್ತಾರೆ ಅಂದರೆ ಎದ್ದು ಬನ್ನಿ. ಸುಮ್ನೆ ಹೇಳುತ್ತಿಲ್ಲ, ಅರಿವಳಿಕೆ ಇಂಜೆಕ್ಷನ್ ಹೆಚ್ಚುಕಮ್ಮಿಯಾದರೆ ಜೀವಕ್ಕೇ ಅಪಾಯ.

ನಾನು ಆಲ್ದೂರಿನ ಹತ್ತಿರ ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವನು. ನಮ್ಮಂಥವರು ಕೊಯ್ಲಿನ ಕಾಲದಲ್ಲಿ ಇದಕ್ಕೆ ಕೈ ಹಾಕಬಾರದು. ಕಣದ ಧೂಳು, ಬಿಸಿಲು, ಬೆವರು ಹಸಿ ಗಾಯಕ್ಕೆ ಆಗದು. ಮೊದಲ ಕೆಲವು ರಾತ್ರಿ ತಲೆ ಎತ್ತರಿಸಿ ಮಲಗಿ. ಹೆಲ್ಮೆಟ್ ಯಾವಾಗ ಹಾಕಬಹುದು ಅಂತ ಡಾಕ್ಟರನ್ನೇ ಕೇಳಿ, ಅಲ್ಲಿಯವರೆಗೆ ಬೈಕ್ ಬೇಡ. ಗಾಯದ ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ, ಸುಮಾರು ಹತ್ತು ದಿನಕ್ಕೆ ತಾನೇ ಉದುರುತ್ತದೆ.

ನಾನು ಕಸಿ ಮಾಡಿಸಿಕೊಂಡ ಕೆಲವು ವಾರಕ್ಕೆ ದಿಂಬಿನ ಮೇಲೆ ಮೋಟು ಕೂದಲು ಬಿದ್ದಿರುತ್ತಿತ್ತು, ನೆಟ್ಟ ಕೂದಲೇ! ಹೆಂಡತಿ ಗಾಬರಿಯಾದಳು. ಉದುರುವುದು ಕಡ್ಡಿ ಮಾತ್ರ, ಬೇರು ಒಳಗೇ ಇರುತ್ತದೆ. ಮೂರ್ನಾಲ್ಕು ತಿಂಗಳಿಗೆ ಹೊಸದು ಚಿಗುರುತ್ತದೆ, ಪೂರ್ತಿ ಕಾಣಲು ವರ್ಷ ಬೇಕು. ಡಾಕ್ಟರು ಹೇಳದೆ ಔಷಧಿ ನಿಲ್ಲಿಸಬೇಡಿ. ಕಸಿ ಮಾಡಿದ್ದು ಉಳಿದರೂ ಅಕ್ಕಪಕ್ಕದ ಹಳೇ ಕೂದಲು ಉದುರುತ್ತಲೇ ಇರುತ್ತದೆ ಅಲ್ವಾ.