ಬಿಳಿ ಪುಡಿಯಿಂದ ಬಾದಾಮಿ ವಾಸನೆ

"ಟೈಟಾನಿಯಂ ಡೈಆಕ್ಸೈಡ್ ಇರೋದು ಕೊಳಕು ನೀರು ಶುದ್ಧ ಮಾಡೋಕೆ. ಅದರಲ್ಲಿ ಸಿಂಥೆಸಿಸ್ ಮಾಡ್ತೀಯಾ?" ಅಂತ ಲ್ಯಾಬ್‌ನಲ್ಲಿ ಎಲ್ಲರೂ ನಕ್ಕಿದ್ದರು. ಬೆಳಕು ಬಿದ್ದರೆ ಕೆಲಸ ಮಾಡುವ ವೇಗವರ್ಧಕ ಅದು. ಕಳೆದ ವಾರ ಅದೇ ಬಿಳಿ ಪುಡಿಗೆ ಯುವಿ ಬೆಳಕು ಬಿಟ್ಟು, ಬೆಂಜೈಲ್ ಆಲ್ಕೋಹಾಲ್‌ನಿಂದ ಕಹಿಬಾದಾಮಿ ವಾಸನೆಯ ಬೆಂಜಾಲ್ಡಿಹೈಡ್ ತೆಗೆದೆ. ಹೆಚ್ಚುಕಮ್ಮಿ 85% ಆಯಿತು, ಜಿಸಿಯಲ್ಲಿ (ಮಿಶ್ರಣದಲ್ಲಿ ಏನೇನಿದೆ ಅಂತ ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮೆಟೋಗ್ರಫಿ) ಅಡ್ಡ ಉತ್ಪನ್ನದ ಪೀಕ್ ಹುಡುಕಿದರೂ ಸಿಗುವುದು ಕಷ್ಟ. ನಕ್ಕವರಲ್ಲಿ ಇಬ್ಬರು ಈಗ ನನ್ನ ಲ್ಯಾಂಪ್ ಕೇಳುತ್ತಿದ್ದಾರೆ.

ಇಲ್ಲಿಗೆ ಬರೋಕೆ ಏಳು ತಿಂಗಳು ಹಿಡಿಯಿತು. ಮೊದಲು ದುಡ್ಡು ಉಳಿಸೋಕೆ ಹೋಗಿ ಪೇಂಟ್‌ಗೆ ಹಾಕುವ ಪುಡಿ ತಂದೆ. ಮೂರು ವಾರ ಬೆಳಕು ಬಿಟ್ಟರೂ ಏನೂ ಇಲ್ಲ. ಅದು ರೂಟೈಲ್ ಅನ್ನುವ ಹರಳಿನ ರೂಪ, ಮೇಲೆ ಅಲ್ಯೂಮಿನಾ, ಸಿಲಿಕಾ ಲೇಪ. ಬಿಸಿಲಿಗೆ ಬಣ್ಣ ಹಾಳಾಗಬಾರದು ಅಂತಲೇ ಅದರ ಕೈಕಾಲು ಕಟ್ಟಿ ಕಳಿಸಿರುತ್ತಾರೆ! ಸುಮ್ನೆ ಪಿ25 ತಗೊಳ್ಳಿ, ಲೇಪವಿಲ್ಲದ ಪುಡಿ, ಹೆಚ್ಚಿನ ಪಾಲು ಅನಟೇಸ್ ಅನ್ನುವ ಇನ್ನೊಂದು ಹರಳಿನ ರೂಪ.

ಎರಡನೇ ಪೆಟ್ಟು ಲ್ಯಾಂಪ್‌ದು. ಯುವಿ ಅಂತ ಮಾರುವ ಅಗ್ಗದ ಎಲ್‌ಇಡಿ ನೋಡಿದರೆ 405 ನ್ಯಾನೋಮೀಟರ್. ಅನಟೇಸ್‌ಗೆ ಬೇಕಿರೋದು 387ರ ಒಳಗೆ. ಆದರೂ ಈ ಆಲ್ಕೋಹಾಲ್ ಪುಡಿಯ ಮೈಗೆ ಅಂಟಿಕೊಂಡರೆ ಆ ಬೆಳಕಲ್ಲೂ ಚೂರು ಕೆಲಸ ನಡೆಯುತ್ತದೆ. ನಾನು ಮೋಸ ಹೋಗಿದ್ದು ಅಲ್ಲೇ. ಎರಡು ದಿನಕ್ಕೆ 10% ಬಂತು, ಇನ್ನಷ್ಟು ಹೊತ್ತು ಬಿಟ್ಟರೆ ಆದೀತು ಅಂತ ಕಾಯುತ್ತಾ ಕೂತೆ. ಕೊನೆಗೆ 365ರದ್ದಕ್ಕೆ ನಾಲ್ಕು ಪಟ್ಟು ದುಡ್ಡು ಸುರಿದೆ. ಅಷ್ಟರಲ್ಲಿ ಅಗ್ಗದವು ಮೂರು ಕೊಂಡಾಗಿತ್ತು, ಲೆಕ್ಕ ನೀವೇ ಹಾಕಿ.

ಎಲ್ಲಕ್ಕಿಂತ ದೊಡ್ಡ ತಪ್ಪು, ನೀರಿನಲ್ಲಿ ಮಾಡಿದ್ದು. ಆಲ್ಕೋಹಾಲ್ ಖಾಲಿ, ಆದರೆ ಆಲ್ಡಿಹೈಡ್ ನಾಪತ್ತೆ. ಆಕ್ಸಿಜನ್ ಹಾಯಿಸಿ, ಹೊರಬರುವ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಬಿಟ್ಟೆ. ಒಂದೆರಡು ಗಂಟೆಯಲ್ಲಿ ಬೆಳ್ಳಗೆ ಕದಡಿತು. ನನ್ನ ಮಾಲು ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತಿತ್ತು! ನೀರು ಬಿಟ್ಟು ಅಸಿಟೋನೈಟ್ರೈಲ್ ಅನ್ನುವ ಸಾವಯವ ದ್ರಾವಕಕ್ಕೆ ಬದಲಾಯಿಸಿದ ದಿನ ಫ್ಲಾಸ್ಕ್ ತೆಗೆದರೆ ಕಹಿಬಾದಾಮಿ ವಾಸನೆ. ಆವತ್ತು ಜಿಸಿ ನೋಡುವ ಮೊದಲೇ ಮನೆಗೆ ಫೋನ್ ಮಾಡಿದೆ.

ಈಗ 10 ಮಿಲಿ ದ್ರಾವಕಕ್ಕೆ 1 ಮಿಲಿಮೋಲ್ ಆಲ್ಕೋಹಾಲ್, ಪುಡಿ 25 ಮಿಲಿಗ್ರಾಂ ಆಸುಪಾಸು, ಆಕ್ಸಿಜನ್ ಬಲೂನ್, ಎಂಟು ಗಂಟೆ. ಜಾಸ್ತಿ ಪುಡಿ ಹಾಕು ಅನ್ನುವವರು ಸಿಗುತ್ತಾರೆ. 100 ಹಾಕಿ ನೋಡಿದೆ, ಇನ್ನೂ ನಿಧಾನ. ಬೆಳಕು ಗಾಜಿನ ಹತ್ತಿರವೇ ನಿಂತುಬಿಡುತ್ತದೆ, ಒಳಗೆಲ್ಲ ಕತ್ತಲೆ. ಫಿಲ್ಟರ್ ಪೇಪರ್ ನಂಬಬೇಡಿ, ಪುಡಿ ಹಾಲಿನ ಹಾಗೆ ಕೆಳಗಿಳಿಯುತ್ತದೆ. ಸೆಂಟ್ರಿಫ್ಯೂಜ್, ಆಮೇಲೆ ಸೆಲೈಟ್ (ಸೋಸೋಕೆ ಬಳಸುವ ಮಣ್ಣಿನ ಪುಡಿ) ಪದರ. ಪುಡಿಯನ್ನು ಹಾಕುವ ಮೊದಲು ಒಂದು ಚಿಕ್ಕ ಕೆಲಸ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಆಟವನ್ನೂ ಆಡಿದೆ. ಮೆಥನಾಲ್‌ನಲ್ಲಿ ಪುಡಿ ಕದಡಿ, ನೈಟ್ರೋಜನ್ ತುಂಬಿ ಬೆಳಕು ಬಿಟ್ಟರೆ ಬಿಳಿ ಪುಡಿ ನೀಲಿಯಾಗುತ್ತದೆ. ಬೆಳಕಿಗೆ ಎದ್ದ ಎಲೆಕ್ಟ್ರಾನ್‌ಗಳು ಹೋಗಲು ಜಾಗವಿಲ್ಲದೆ ಟೈಟಾನಿಯಂ ಮೇಲೇ ಕೂತುಬಿಟ್ಟಿರುತ್ತವೆ. ಮುಚ್ಚಳ ತೆಗೆದರೆ ಗಾಳಿಯ ಆಕ್ಸಿಜನ್ ಅವನ್ನು ಎತ್ತಿಕೊಂಡು, ಮೇಲಿನಿಂದ ಕೆಳಕ್ಕೆ ಬೆಳ್ಳಗಾಗುತ್ತಾ ಬರುತ್ತದೆ. ಆಕ್ಸಿಜನ್ ಬಲೂನ್ ಯಾಕೆ ಅಂತ ಕೇಳಿದವರಿಗೆ ಈಗ ಇದನ್ನೇ ತೋರಿಸುತ್ತೇನೆ. ಮುಂದಿನದು ಬೆಂಜೈಲಮೀನ್, ಅದೇ ಆಲ್ಕೋಹಾಲ್‌ನ ಅಮೀನ್ ತಮ್ಮ. ಬೆಳಗ್ಗೆಯಿಂದ ಲ್ಯಾಂಪ್ ಮುಂದೆ ತಿರುಗುತ್ತಿದೆ.